ಹತ್ತಕ್ಕೆ ಎಷ್ಟು?

ಮೂವತ್ತೊಂದು ವರ್ಷದ ಹಿಂದೆ ಈ ಎರಡು ಪದವೇ ನನ್ನ ಹೊಟ್ಟೆಪಾಡು. ಸಂತೋಷದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಪ್ರೊಫೆಸರ್ ಒಬ್ಬರಿಗಾಗಿ ಪ್ರತಿ ಮಂಗಳವಾರ ಒಂದು ಬೀದಿಯ ಅಂಗಡಿಗಳಿಗೆ ಹೋಗಿ, ‘ಈ ವಾರ ಎಷ್ಟು ಸಂತೋಷವಾಗಿದ್ದೀರಿ, ಹತ್ತಕ್ಕೆ ಎಷ್ಟು?’ ಎಂದು ಕೇಳಿ ಫಾರ್ಮ್ ತುಂಬಬೇಕಿತ್ತು. ಸಂತೋಷವಾಗಿದ್ದೀನಾ ಎಂದು ಪದೇ ಪದೇ ತಡವಿ ನೋಡಿಕೊಂಡರೆ ಅದು ಕಡಿಮೆಯಾಗುತ್ತದೆ ಎನ್ನುವುದು ಅವರ ವಾದ. ನಿಜವೇ ಇರಬೇಕು, ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಅಂಕವೂ ಇಳಿಯುತ್ತಿತ್ತು. ಬೇಕರಿಯಾಕೆ ಮಾತ್ರ ಗಂಡ ಪಕ್ಕದಲ್ಲಿದ್ದರೆ ಒಂಬತ್ತು ಎನ್ನುತ್ತಿದ್ದಳು, ಇಲ್ಲದಿದ್ದರೆ ಎರಡು.

ಬೀದಿಯ ಕೊನೆಯಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವವರ ಅಂಗಡಿ. ಅವರು ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ನನ್ನ ಮುಖ ನೋಡಿ, ನೋಡಲೇ ಇಲ್ಲ ಎನ್ನುವಂತೆ ಪುಸ್ತಕದ ಬೆನ್ನು ನೋಡಿ, ವಾರ ವಾರವೂ ಒಂದೇ ಉತ್ತರ ಕೊಡುತ್ತಿದ್ದರು.

"ಎಂಟು."

"ಬೇರೆ ನಂಬರ್ ಗೊತ್ತಿಲ್ವಾ ನಿಮಗೆ?"

"ಗೊತ್ತು. ಬೇಕಾಗಿಲ್ಲ."

ಒಂದು ವಾರ ನನಗೆ ಜ್ವರ ಬಂತು. ನನ್ನ ಬದಲು ಆಫೀಸಿನ ಸೀನಿಯರ್ ಅಕ್ಕ ಹೋಗಿದ್ದರು. ನಾನು ಕೆಲಸಕ್ಕೆ ಮರಳಿದಾಗ ಪ್ರೊಫೆಸರ್ ಒಂದು ಫಾರ್ಮಿಗೆ ಕೆಂಪು ಗೆರೆ ಎಳೆದು ಕೂತಿದ್ದರು.

"ಈ ಬೈಂಡರ್ ನಲವತ್ತು ವಾರ ಎಂಟು, ಈಗ ಮೂರು! ಮನೇಲಿ ಏನಾಯ್ತೋ, ಕೇಳ್ಕೊಂಡು ಬಾಮ್ಮ."

ಹೋಗಿ ಕೇಳಿದೆ. ಅವರ ಕಿವಿ ಕೆಂಪಾಯಿತು. ಬೆರಳಿನ ಅಂಟನ್ನು ಒರೆಸಿದರು, ಒರೆಸಲು ಏನೂ ಉಳಿಯದಾದಾಗ ಹೇಳಿದರು, "ಏನೂ ಆಗಿಲ್ಲ. ಕೇಳೋಕೆ ಬಂದೋರು ಬೇರೆಯವರು, ಅಷ್ಟೆ."

‘ಕಾರಣ’ ಎಂಬ ಖಾಲಿ ಜಾಗದ ಮೇಲೆ ಪೆನ್ನು ನಿಂತುಬಿಟ್ಟಿತು. ಉತ್ತರ ಕೊಡುವವರ ಜತೆ ಸಲುಗೆ ಬೆಳೆದರೆ ಕೆಲಸ ಹೋಗುತ್ತದೆಂದು ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು. ತಲೆನೋವು ಎಂದು ಗೀಚಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುಳ್ಳು ಬರೆದರೆ ಅವರು ಆ ಮಾತು ಆಡಿಯೇ ಇಲ್ಲ ಎಂದಾಗಿಬಿಡುತ್ತದೆ. ‘ನಾನು’ ಎಂದು ಬರೆದೆ.

ಪ್ರೊಫೆಸರ್ ಕನ್ನಡಕ ತೆಗೆದರು. "ಹುಚ್ಚು ಹುಡುಗಿ! ಅವನ ಸಂತೋಷ ಅಳೀಬೇಕು ಅಂತಿದ್ದೆ. ನಲವತ್ತು ವಾರ ಅಳೆದಿದ್ದು ನಿನ್ನನ್ನ."

ಬೈಂಡರ್ ಅವರ ಫಾರ್ಮುಗಳೆಲ್ಲ ಕಸದ ಬುಟ್ಟಿಗೆ ಹೋದವು. ನನ್ನ ಕೆಲಸವೂ ಹೋಯಿತು.

ಮುಂದಿನ ಮಂಗಳವಾರ ಬರಿಗೈಯಲ್ಲಿ ಅಂಗಡಿಗೆ ಹೋದೆ.

"ಫಾರ್ಮ್ ಎಲ್ಲಿ?"

"ಇಲ್ಲ. ಕೇಳೋ ಕೆಲಸಾನೂ ಇಲ್ಲ."

ಅವರು ಸೂಜಿ ಕೆಳಗಿಟ್ಟು ಸ್ಟೂಲನ್ನು ನನ್ನ ಕಡೆ ತಳ್ಳಿದರು. "ಹಾಗಾದ್ರೆ ಇವತ್ತು ನಾನು ಕೇಳ್ತೀನಿ. ನಿಮಗೆ ಹತ್ತಕ್ಕೆ ಎಷ್ಟು?"

ಅಯ್ಯೋ, ಊರವರನ್ನೆಲ್ಲ ಕೇಳಿಕೊಂಡು ತಿರುಗಿದವಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗಳಗಳನೆ ಅತ್ತುಬಿಟ್ಟೆ.

"ಅಷ್ಟು ಕಮ್ಮೀನಾ?" ಎಂದು ಗಾಬರಿಯಿಂದ ಅವರು ಕೈಗೆ ಸಿಕ್ಕ ಬಟ್ಟೆ ಕೊಟ್ಟರು. ಅದು ಅಂಟಿನ ಬಟ್ಟೆ. ಕೆನ್ನೆಗೆ ಅಂಟು ಮೆತ್ತಿಕೊಂಡೇ ನಾನು ಅವರನ್ನು ಒಪ್ಪಿದ್ದು.

ಮೊನ್ನೆ ಮಂಗಳವಾರ, ಸೂಜಿಗೆ ದಾರ ಪೋಣಿಸಲಾಗದೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಎಂದಿನಂತೆ ಕೇಳಿದೆ.

"ಎಂಟು."

"ಇಷ್ಟು ವರ್ಷ ನಿಮ್ಮ ಜೊತೆ ಏಗಿದ್ದೀನಿ ರೀ. ಇನ್ನೆರಡು ಕೊಟ್ರೆ ನಿಮ್ಮ ಗಂಟೇನು ಹೋಗತ್ತೆ?"

ಅವರು ಸೂಜಿ, ದಾರ ಎರಡನ್ನೂ ನನ್ನ ಕೈಗಿಟ್ಟರು.

"ಹತ್ತು ಅಂದ್ಬಿಟ್ರೆ ನೀನು ಕೇಳೋದು ನಿಲ್ಲಿಸಿಬಿಡ್ತೀಯಲ್ಲೇ."