ಅಪರಿಚಿತ ಹುಡುಗಿ, ಮೇಣ

ಹೆಂಡತಿ ತೀರಿಕೊಂಡಳೆಂದು ಆಸ್ಪತ್ರೆಯಿಂದ ಫೋನು ಬಂದ ದಿನ, ಮೂರ್ತಿಗಳ ಅಚ್ಚು ತೆಗೆಯುವ ಅಚ್ಚುಗಾರ ತನ್ನ ಮ್ಯೂಸಿಯಮ್ಮಿನ ಹಿಂಬಾಗಿಲಲ್ಲಿ ರಷ್ಯದ ಶಿಲ್ಪಿಯ ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತಿದ್ದ. ಕೈಗೆ ಮೆತ್ತಿದ ಮರದ ಹೊಟ್ಟನ್ನೂ ಒರೆಸಿಕೊಳ್ಳದೆ ಹೋದ. ಅಂತ್ಯಕ್ರಿಯೆ ಮುಗಿಸಿ, ಮನೆಯಲ್ಲಿ ಕೂರಲಾರದೆ ಕೆಲಸಕ್ಕೆ ಮರಳಿದಾಗ ಒಂದು ಪೆಟ್ಟಿಗೆ ಅವನಿಗಾಗಿಯೇ ಉಳಿದಿತ್ತು. ಮೇಣದ ತಲೆಗೆ ಅವನ ಹೊರತು ಯಾರೂ ಕೈ ಹಚ್ಚುವಂತಿರಲಿಲ್ಲ. ಹತ್ತಿ ಸರಿಸಿದ. ಒಳಗೆ ಅವಳಿದ್ದಳು.

ಮದುವೆಗೆ ಮುಂಚೆ, ಆ ಶಿಲ್ಪಿ ಈ ಊರಿನಲ್ಲಿದ್ದ ಕಾಲದಲ್ಲಿ, ತಾನು ಅವನೆದುರು ಕೂತದ್ದುಂಟೆಂದು ಅವಳು ಹೇಳುತ್ತಿದ್ದಳು. ಅಲುಗಾಡದೆ ಕೂತು ಕೂತು ಕತ್ತು ಮರಗಟ್ಟುತ್ತಿತ್ತಂತೆ. ಆ ಒಂದೇ ಮುಖವನ್ನು ಶಿಲ್ಪಿ ಮೊದಲು ಮೇಣದಲ್ಲಿ ಹಿಡಿದು, ಆಮೇಲೆ ಕಂಚಿನಲ್ಲಿ, ಮರದಲ್ಲಿ, ಸುಟ್ಟ ಮಣ್ಣಿನಲ್ಲಿ, ಇದ್ದಿಲಿನ ಗೆರೆಯಲ್ಲಿ ಸಾಯುವ ತನಕ ಹುಡುಕಿದ್ದ. ಪ್ರದರ್ಶನದ ಕೋಣೆಯಲ್ಲಿ ಎಲ್ಲಿ ನಿಂತರೂ ಅವಳೇ ನೋಡುತ್ತಿದ್ದಳು. ಕೆಳಗಿನ ಚೀಟಿಯಲ್ಲಿ ಮಾತ್ರ ಅಪರಿಚಿತ ಹುಡುಗಿ ಎಂದು ಬರೆದಿತ್ತು.

ಅವಳ ಹೆಸರು ಬರೆಸಿರೆಂದು ಅವನು ನಿರ್ದೇಶಕರನ್ನು ಕೇಳಿಕೊಂಡ. ಅವರು ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ಸಂಕಟ ಗೊತ್ತಾಗುತ್ತೆ ಯಜಮಾನ್ರೇ. ಈಗ ಯಾವ ಮುಖ ನೋಡಿದ್ರೂ ಅವರೇ ಕಾಣ್ತಾರೆ. ಪುರಾವೆ ಇಲ್ದೆ ನಾನೇನು ಬರೆಸ್ಲಿ?"

ಜೀವಮಾನವೆಲ್ಲ ಪಕ್ಕದಲ್ಲಿ ಮಲಗಿದವಳು ಅಪರಿಚಿತೆ. ಪ್ರದರ್ಶನ ಮುಗಿದೊಡನೆ ಪೆಟ್ಟಿಗೆಗೆ ಮೊಳೆ ಹೊಡೆದು ಅವಳನ್ನು ಕಡಲಾಚೆ ಸಾಗಿಸುತ್ತಾರೆ. ಒಮ್ಮೆ ಕಳಿಸಿಕೊಟ್ಟದ್ದಾಗಿತ್ತು. ಇನ್ನೊಮ್ಮೆ ಕಳಿಸಲು ಅವನ ಮನಸ್ಸು ಒಪ್ಪಲಿಲ್ಲ.

ಉಪಾಯ ಸರಳವಾಗಿತ್ತು. ವಾರದ ರಜೆಯ ದಿನ ಗಾಜಿನ ಪೆಟ್ಟಿಗೆ ತೆರೆದು ಮೇಣದ ಬೆವರು ಒರೆಸುವುದು ಅವನದೇ ಕೆಲಸ. ಬೀಗದ ಕೈಯೂ ಅವನದೇ. ತಲೆಯನ್ನು ಮ್ಯೂಸಿಯಮ್ಮಿನೊಳಗಿನ ತನ್ನ ಕೆಲಸದ ಕೋಣೆಗೆ ಒಯ್ದರೆ ಯಾಕೆಂದು ಕೇಳುವವರಿಲ್ಲ. ದೇವರನ್ನು ನೆನೆದು ಕೈ ಹಾಕಿದ. ಕದಿಯುತ್ತಿಲ್ಲ, ನನ್ನದನ್ನು ತರುತ್ತಿದ್ದೇನೆ ಎಂದು ಆ ದೇವರಿಗೂ ಹೇಳಿಕೊಂಡ. ಮೆತ್ತನೆಯ ರಬ್ಬರಿನಲ್ಲಿ ಎರಡು ಹೋಳಿನ ಅಚ್ಚು ತೆಗೆದ. ಹೊಸ ಮೇಣಕ್ಕೆ ಇಟ್ಟಿಗೆಯ ಪುಡಿಯನ್ನೂ ಚಿಟಿಕೆ ಮಸಿಯನ್ನೂ ಬೆರೆಸಿ ವಯಸ್ಸು ಕೊಟ್ಟ. ಹೋಳುಗಳು ಕೂಡಿದಲ್ಲಿ ಮೇಣ ಉಬ್ಬಿ ಒಂದು ಏಣು ಹಣೆಯಿಂದ ಎಡ ಹುಬ್ಬಿನ ಮೇಲಾಗಿ ಕೆನ್ನೆಗೆ ಇಳಿದಿತ್ತು. ಅದನ್ನು ಕೆರೆದರೆ ಹುಬ್ಬೂ ಹೋಗುತ್ತದೆ. ಕೈಯಿಂದಲೇ ಮತ್ತೆ ತಿದ್ದಬೇಕು. ಬೇರೆಯವನಾಗಿದ್ದರೆ ಮೂಲವನ್ನು ಎದುರಿಗಿಟ್ಟುಕೊಂಡು ಅಳೆಯುತ್ತಿದ್ದ. ಅವನಿಗೆ ಅದು ಬೇಕಿರಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿಗೆ ಬಿಟ್ಟುಕೊಟ್ಟ. ಈ ಮುಖವನ್ನು ತನ್ನಷ್ಟು ಬಲ್ಲವರು ಭೂಮಿಯ ಮೇಲಿಲ್ಲ; ತನ್ನ ಉಪಾಯದ ಬಲವೆಲ್ಲ ಅಲ್ಲೇ ಇದೆ ಎಂದುಕೊಂಡ.

ನಕಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಲವನ್ನು ಡಬ್ಬಕ್ಕೆ ತುಂಬಿಕೊಂಡ. ಸಂಜೆ ಗೇಟಿನ ಕಾವಲುಗಾರ ಅವನ ಕೈಯ ಡಬ್ಬ ಕಂಡು ಎಂದಿನ ತಮಾಷೆ ತೆಗೆದ.

"ಇವತ್ತು ಯಾರ ತಲೆ ಹೊತ್ಕೊಂಡು ಹೊರಟ್ರಿ?"

"ನನ್ನವಳದು."

ಕಾವಲುಗಾರನ ನಗು ಅರ್ಧಕ್ಕೆ ನಿಂತಿತು. ಡಬ್ಬವನ್ನು ಮುಟ್ಟದೆ ತಲೆ ತಗ್ಗಿಸಿ ಗೇಟು ತೆರೆದ.

ಮನೆಯಲ್ಲಿ ಅವಳ ದಿಂಬಿನ ಪಕ್ಕದ ಮೇಜಿನ ಮೇಲೆ ತಲೆಯನ್ನು ಇರಿಸಿದ. ಅದು ಅವನನ್ನು ಪರಿಚಯವಿಲ್ಲದಂತೆ ನೋಡಿತು. ಹುಬ್ಬು, ಮೂಗು, ತುಟಿ ಸವರಿದ. ಎಲ್ಲ ಅವಳದೇ, ಆದರೂ ಬೆರಳಿಗೆ ಏನೋ ಒಂದು ಸಿಗಲಿಲ್ಲ. ಸಿಗದಿರುವುದು ಉಸಿರು ಎಂದುಕೊಂಡು ದೀಪ ಆರಿಸಿದ.

ದೊಡ್ಡ ದೊಡ್ಡ ಪಂಡಿತರು ಬಂದು ನಕಲಿನ ಮುಂದೆ ನಿಂತು ತಲೆದೂಗಿ ಹೋದರು. ಅಚ್ಚುಗಾರನ ಧೈರ್ಯ ಬೆಳೆಯಿತು. ಕೊನೆಯದೊಂದು ಪರೀಕ್ಷೆ ಉಳಿದಿತ್ತು. ಹೆಂಡತಿಯ ತಂಗಿಯನ್ನು ಕರೆತಂದ. ಒಂದೇ ಹೊದಿಕೆಯಲ್ಲಿ ಮಲಗಿ ಬೆಳೆದ ಇವಳೇ ಮೋಸಹೋದರೆ ಇನ್ನು ಹೆದರುವುದಕ್ಕೇನಿದೆ?

ಅವಳು ಮೇಣದ ಮುಖದ ಮುಂದೆ ನಿಂತದ್ದೇ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಆ ಕಡೆ ಹೋಗುತ್ತಿದ್ದ ನಿರ್ದೇಶಕರು ಅಳು ಕೇಳಿ ಹತ್ತಿರ ಬಂದರು. ಇದು ತನ್ನ ಅಕ್ಕನೇ ಎಂದು ಅವಳು ಅವರಿಗೆ ಹೇಳಿದಳು. ಅವರು ಮರುಕದಿಂದ ಮುಗುಳ್ನಕ್ಕರು. ಅವಳಿಗೆ ಸಿಟ್ಟು ಬಂತು.

"ನಂಬೋದಿಲ್ವಾ? ಎಡಗಡೆ ಹುಬ್ಬು ನೋಡಿ ಸ್ವಾಮಿ. ಮದುವೆಯಾದ ಹೊಸದರಲ್ಲಿ ಅಕ್ಕ ಭಾವನಿಗೆ ಊಟ ತಗೊಂಡು ಹೋದಾಗ, ಇವರ ಉಳಿಯಿಂದ ಗಾರೆ ಚೂರು ಹಾರಿ ಆದ ಗಾಯ ಅದು."

ನಿರ್ದೇಶಕರು ಬಗ್ಗಿ ನೋಡಿದರು. ಹುಬ್ಬಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಓರೆ ಗೆರೆಯಿತ್ತು. ನೆಟ್ಟಗಾಗಿ ಕಂಚಿನ ಮುಖ ನೋಡಿದರು. ಆಮೇಲೆ ಮರದ್ದು, ಸುಟ್ಟ ಮಣ್ಣಿನದು, ಇದ್ದಿಲಿನದು. ಅವೆಲ್ಲ ನುಣ್ಣನೆಯ ಹುಬ್ಬುಗಳು. ಶಿಲ್ಪಿಯ ಎದುರು ಕೂತ ಹುಡುಗಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಅವರು ಕೇಳಿದ ಪುರಾವೆ ಸಿಕ್ಕಿತ್ತು. ಅವರ ನೋಟ ಈಗ ಅಚ್ಚುಗಾರನ ಹೆಬ್ಬೆರಳಿನ ಮೇಲಿತ್ತು. ಆ ಗಾಯವನ್ನು ಎರಡು ಸಲ ಮಾಡಿದ್ದೂ ಒಂದೇ ಕೈ. ಅವನು ಆ ಕೈಯನ್ನು ಇನ್ನೊಂದಕ್ಕೆ ಜೋಡಿಸಿ ಕಣ್ಣು ಮುಚ್ಚಿದ. ದೇವರೇ, ನನಗೆ ಆಗುವುದು ಆಗಲಿ. ಅಲುಗಾಡದೆ ಕೂತು ಕೂತು ದಣಿದ ಜೀವ ಅದು, ಇನ್ನಾದರೂ ಅದಕ್ಕೆ ಶಾಂತಿ ಕೊಡು.