ವಾಟರ್ ಪಾರ್ಕಿನಲ್ಲಿ ಆಯಿ

"ಇನ್ನೊಮ್ಮೆ ಓದು," ಅಂದಳು ಆಯಿ.

ಉಮಾಶ್ರೀ ಅಂಗಡಿಯ ಮೇಲಿನ ಬೋರ್ಡನ್ನು ಇನ್ನೊಮ್ಮೆ ಓದಿದಳು. "ದೋಸಿ ಎರಡನೂರಾ ಇಪ್ಪತ್ತು. ವಡಾಪಾವ್ ಎಂಬತ್ತು. ಚಾ ಐವತ್ತು."

"ಚಾ ಐವತ್ತಾ? ಚಾದ ಜೋಡಿ ಎಮ್ಮಿನೂ ಕೊಡತಾರೇನ?"

ಉಮಾಶ್ರೀ ಕಿಸಕ್ಕನೆ ನಕ್ಕಳು. "ಒಂದು ವಡಾಪಾವ್ ತರ್ಲಿ? ಅಪ್ಪ ನೂರ ರೂಪಾಯಿ ಕೊಟ್ಟಾನ."

"ಬ್ಯಾಡ. ಅಷ್ಟ ರೊಕ್ಕದಾಗ ನಮ್ಮ ವಳಸಂಗದಾಗ ಮನಿಮಂದಿ ಎಲ್ಲಾ ತಿಂತೈತಿ. ನನಗ ಹಸಿವಿಲ್ಲ. ನೀ ಐಸ್‌ಕ್ರೀಮ್ ತಗೋ."

ಆಯಿ ಎಂದರೆ ಅಪ್ಪನ ತಾಯಿ ಸಿದ್ದಲಿಂಗವ್ವ. ನಸುಕಿನಲ್ಲೇ ಎದ್ದು ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿದ್ದಳು. ಆದರೆ ಗೇಟಿನಲ್ಲಿ ವಾಚ್‌ಮನ್ ಗಂಟು ಬಿಚ್ಚಿಸಿದ. ಹೊರಗಿನ ತಿನಿಸು ಒಳಗೆ ನಡೆಯುವುದಿಲ್ಲ ಎಂದು ಅದನ್ನು ಅಲ್ಲೇ ಇರಿಸಿಕೊಂಡ.

ಅಪ್ಪ, ಅವ್ವ, ತಮ್ಮ ಅನಿಲ ಅತ್ತ ತೆರೆ ಏಳುವ ಹೊಂಡದಲ್ಲಿದ್ದರು. ಫೋನು ಲಾಕರಿನಲ್ಲಿತ್ತು. ಜಾರುಬಂಡಿಯಲ್ಲಿ ಮೊಣಕೈ ತರಚಿಕೊಂಡ ಉಮಾಶ್ರೀ ಆಯಿಯ ಹತ್ತಿರ ಬೇವಿನ ಮರದ ಕೆಳಗೆ ಕೂತಿದ್ದಳು. ಒದ್ದೆ ಫ್ರಾಕಿಗೆ ಗಾಳಿ ಬಡಿದು ಅವಳಿಗೆ ಚಳಿಯಾಗುತ್ತಿತ್ತು.

ಆಗ ಅವಳು ಆಯಿಯ ಹಣೆ ನೋಡಿದಳು. ತುಂಬ ಬೆವರು.

ನೆರಳಿನಲ್ಲಿ, ಇಂಥ ಗಾಳಿಯಲ್ಲಿ, ಬೆವರು ಯಾಕೆ?

"ಆಯಿ, ಸೆಕಿ ಆಗೈತೇನ?"

ಸೆರಗು ಹಿಡಿದ ಆಯಿಯ ಬೆರಳುಗಳು ನಡುಗುತ್ತಿದ್ದವು. ಅವಳು ಉಮಾಶ್ರೀಯ ಕಡೆ ತಿರುಗಿ ಕೇಳಿದಳು, "ಸುನಿತಾ, ದನಕ್ಕ ನೀರ ಇಟ್ಟಿಯೇನ?"

ಸುನಿತಾ ಅಂದರೆ ಸೋದರತ್ತೆ. ಅವಳು ಮದುವೆಯಾಗಿ ಬೆಳುಂಕಿಯಲ್ಲಿದ್ದಾಳೆ. ಇಲ್ಲಿ ದನ ಎಲ್ಲಿಂದ ಬರಬೇಕು?

ಉಮಾಶ್ರೀಗೆ ಜತ್ತದ ಡಾಕ್ಟರು ಹೇಳಿದ್ದು ನೆನಪಾಯಿತು. "ಸಕ್ಕರಿ ಕಾಯಿಲೆಯ ಗುಳಿಗಿ ತಗೊಂಡು ಉಣ್ಣದ ಇದ್ರ ಮೈಯಾಗಿನ ಸಕ್ಕರಿ ಪೂರ್ತಿ ಇಳೀತೈತಿ. ಬೆವರು, ನಡುಕ ಬಂದ್ರ ಲಗೂನ ಸಿಹಿ ಕೊಡ್ರಿ. ತಡ ಮಾಡಿದ್ರ ಎಚ್ಚರ ತಪ್ತೈತಿ." ಇವತ್ತು ಗುಳಿಗೆ ನುಂಗಲು ಆಯಿಗೆ ನೀರು ಕೊಟ್ಟವಳು ಉಮಾಶ್ರೀಯೇ. ಆಮೇಲೆ ಆಯಿ ಏನೂ ತಿಂದಿರಲಿಲ್ಲ.

"ಆಯಿ, ಇಲ್ಲೇ ಕುಂದರು. ಏಳಬ್ಯಾಡ!"

ಅವಳು ಅಂಗಡಿಗೆ ಓಡಿ ನೂರರ ನೋಟು ಚಾಚಿದಳು. "ಕೋಲ್ಡ್ರಿಂಕ್!"

"ಕೂಪನ್ ಆಣ," ಅಂದ ಅಂಗಡಿಯವನು ಮರಾಠಿಯಲ್ಲಿ, ಮುಖ ಎತ್ತದೆ.

ಕೂಪನ್ ತರಬೇಕಂತೆ! ಕೂಪನ್ ಕೌಂಟರಿನ ಸಾಲು ಜಾರುಬಂಡಿಯ ಬುಡದ ತನಕ ಬೆಳೆದಿತ್ತು. ಬಜಾರಿನಲ್ಲಿ ಪಟಪಟನೆ ಮರಾಠಿ ಮಾತಾಡುವ ಉಮಾಶ್ರೀಗೆ ಈಗ ಒಂದು ಮರಾಠಿ ಶಬ್ದವೂ ಬಾಯಿಗೆ ಬರಲಿಲ್ಲ. "ನಮ್ಮ ಆಯಿ... ನಮ್ಮ ಆಯಿ..." ಎಂದಷ್ಟೇ ಅಂದಳು. ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಹಿಂದೆ ನೋಡಿದಳು. ಆಯಿಯ ತಲೆ ಒಂದು ಪಕ್ಕಕ್ಕೆ ವಾಲಿತ್ತು.

ಚಹಾದ ಲೋಟಗಳ ಹತ್ತಿರ ಒಂದು ಡಬ್ಬಿ. ಅದರಲ್ಲಿ ಸಕ್ಕರೆಯ ಸಣ್ಣ ಸಣ್ಣ ಪುಡಿಕೆಗಳು. ಉಮಾಶ್ರೀ ಕೈಗೆ ಸಿಕ್ಕಷ್ಟು ಬಾಚಿಕೊಂಡು ಓಡಿದಳು.

"ಏ ಪೋರಿ! ಥಾಂಬ!"

ನಿಲ್ಲು ಎಂದು ಕೂಗುತ್ತ ಅವನು ಬೆನ್ನು ಹತ್ತಿದ್ದ. ಚಪ್ಪಲಿಯ ಸಪ್ಪಳ ಹತ್ತಿರವಾಯಿತು. ಅವಳು ನಿಲ್ಲಲಿಲ್ಲ. ಮರದ ಕೆಳಗೆ ಬಂದು ಒಂದು ಪುಡಿಕೆಯನ್ನು ಹಲ್ಲಿನಿಂದ ಹರಿದು, "ಆಯಿ, ಬಾಯಿ ತೆಗಿ. ತೆಗೀ ಆಯಿ," ಎಂದು ನಾಲಿಗೆಯ ಮೇಲೆ ಸುರಿದಳು. ಇನ್ನೊಂದು. ಮತ್ತೊಂದು. ಅರ್ಧ ಸಕ್ಕರೆ ಸೀರೆಯ ಮೇಲೆ ಚೆಲ್ಲಿತು.

ಚಪ್ಪಲಿಯ ಸಪ್ಪಳ ನಿಂತಿತು. ಈಗ ಹಿಡಿಯುತ್ತಾನೆ ಎಂದು ಉಮಾಶ್ರೀ ಕಣ್ಣು ಮುಚ್ಚಿದಳು.

"ಆಣಖೀ ಪಾಹಿಜೇ ಕಾ?" ಇನ್ನೂ ಬೇಕೇನು ಎಂದು ಕೇಳುತ್ತಿದ್ದ ಅವನು, ಮೆಲ್ಲಗೆ. ತನ್ನ ಜೇಬಿನಿಂದಲೇ ಎರಡು ಪುಡಿಕೆ ತೆಗೆದು ಅವಳ ಕೈಗಿಟ್ಟ. ಒಂದು ಲೋಟ ನೀರೂ ತಂದುಕೊಟ್ಟು ಹೋದ.

ಎಷ್ಟು ಹೊತ್ತಾಯಿತೋ. ಹೊಂಡದ ಕಡೆಯಿಂದ ಹಾಡು, ಮಕ್ಕಳ ಚೀರಾಟ ಕೇಳುತ್ತಲೇ ಇತ್ತು. ಉಮಾಶ್ರೀ ಆಯಿಯ ಬೆರಳುಗಳನ್ನೇ ನೋಡುತ್ತ ಕೂತಳು. ನಡುಕ ನಿಧಾನವಾಗಿ ಇಳಿಯಿತು.

"ಉಮಾ," ಅಂದಳು ಆಯಿ. ಸರಿಯಾದ ಹೆಸರು! ಉಮಾಶ್ರೀಗೆ ಅಳು ಬಂತು.

"ಅಳಬ್ಯಾಡ. ಈ ಸಕ್ಕರಿಗೆ ಎಷ್ಟ ಕೊಟ್ಟಿ?"

"ಏನೂ ಕೊಟ್ಟಿಲ್ಲ, ಆಯಿ."

"ಹಂಗಾದ್ರ ಚಲೋ ಆತು."

ಅಷ್ಟರಲ್ಲಿ ಅಪ್ಪ ನೀರು ಸುರಿಸುತ್ತ ಬಂದ. "ಏನವ್ವ, ಏನರ ತರ್ಲಿ?" ಎಂದು ಬೋರ್ಡಿನ ಕಡೆ ನೋಡಿದ. ನೋಡಿದವನ ಹುಬ್ಬು ಗಂಟಿಕ್ಕಿತು.

ಆಯಿ ಮಗನ ಮುಖ ನೋಡಿದಳು. ಸೀರೆಯ ಮೇಲಿದ್ದ ಸಕ್ಕರೆಯನ್ನು ಮೆಲ್ಲಗೆ ಕೊಡವಿದಳು. "ಹುಡುಗರಿಗೆ ತಗೋ ಶಿವಪುತ್ರ. ನನಗೇನ ಹಸ..."

ಆಯಿಯ ಕಣ್ಣು ಬೋರ್ಡಿನಿಂದ ಅಪ್ಪನ ಹುಬ್ಬಿಗೆ ಹೋದದ್ದನ್ನು ಉಮಾಶ್ರೀ ಕಂಡಿದ್ದಳು. ದೀಪಾವಳಿಗೆ ಹೊಸ ಸೀರೆ ಬೇಡ ಎಂದಾಗಲೂ ಆಯಿ ಹೀಗೇ ಅಪ್ಪನ ಮುಖ ನೋಡಿದ್ದಳಲ್ಲ.

"ಅಪ್ಪಾ, ಆಯಿಗೆ ಹಸಿವ್ಯಾಗೈತಿ," ಅಂದಳು ಉಮಾಶ್ರೀ. "ಭಾಳ ಹಸಿವ್ಯಾಗೈತಿ. ಮೊದಲ ಆಕಿಗೆ ತಗೊಂಡ ಬಾ."

ಆಯಿ ತಿರುಗಿ ಅವಳನ್ನು ನೋಡಿದಳು. ಬೈಯಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.