ಚಂಪವ್ವನ ಮೂರು ಧೂಳುಬಾಕಗಳು

ಬಹಳ ಹಿಂದೆ, ಮನೆಗೋಡೆಗಳ ಒಳಗೆ ಮಿಂಚು ವಾಸ ಮಾಡುತ್ತಿದ್ದ ಕಾಲದಲ್ಲಿ, ಹೊನ್ನಂಗಳವೆಂಬ ರಾಜ್ಯದಲ್ಲಿ ಡಂಗುರ ಹೊಡೆಸಿದರು: ಅಸಲಿ ಹಳೇ ಧೂಳುಬಾಕ ಮೂರು ತಂದವರಿಗೆ ಅರ್ಧ ರಾಜ್ಯ.

ಧೂಳುಬಾಕ ಅಂದರೆ ಈಗಿನವರ ವ್ಯಾಕ್ಯೂಮ್ ಕ್ಲೀನರಿನ ಮುತ್ತಜ್ಜ. ಅಡ್ಡ ಮಲಗಿಸಿದ ಕೊಡದಂಥ ತಗಡಿನ ಮೈ, ನೂಲು ಸುತ್ತಿದ ಉದ್ದ ಸೊಂಡಿಲು, ಕಾಲಿನ ಬದಲು ಹೊಟ್ಟೆಯಡಿ ಜಾರುವ ಎರಡು ಪಟ್ಟಿ. ಬಾಲವನ್ನು ಗೋಡೆಯ ತೂತಿಗೆ ಇಟ್ಟರೆ ಮಿಂಚು ಕುಡಿದು ಎಚ್ಚರಾಗುತ್ತಿತ್ತು. ಸೊಂಡಿಲಿನಿಂದ ಧೂಳು ತಿಂದು ಹಿಂದಿನಿಂದ ಬರೀ ಗಾಳಿ ಬಿಡುತ್ತಿತ್ತು. ಧೂಳೆಲ್ಲ ಹೊಟ್ಟೆಯೊಳಗಿನ ಒತ್ತು ನೇಯ್ಗೆಯ ಬಟ್ಟೆಚೀಲದಲ್ಲಿ ಉಳಿಯುತ್ತಿತ್ತು. ಅಂಥ ಯಂತ್ರ ಮಾಡುವ ಕೈಗಳು ಎಂದೋ ಮಣ್ಣಾಗಿದ್ದವು.

ರಾಜನಿಗೆ ಅವು ಬೇಕಾದದ್ದು ಮಂಕುಬೂದಿ ಮಾರಯ್ಯನೆಂಬ ಮಾಂತ್ರಿಕನ ದೆಸೆಯಿಂದ. ಬೇರೆ ಊರುಗಳಲ್ಲಿ ಮಂಕುಬೂದಿ ಎರಚುವುದು ಬಾಯಿಮಾತಿನ ಮೋಸ. ಈ ಮಾರಯ್ಯ ನಿಜವಾದ ಬೂದಿಯನ್ನೇ ಎರಚುತ್ತಿದ್ದ. ಅದು ಮೈಮೇಲೆ ಕೂತವರು ತಮ್ಮವರನ್ನು ಮರೆಯುತ್ತಿದ್ದರು, ತಮ್ಮದನ್ನೂ ಮರೆಯುತ್ತಿದ್ದರು. ಆಮೇಲೆ ಮಾರಯ್ಯ ಬಂದು "ಈ ಹೊಲ ನನ್ನದಲ್ಲವೇ?" ಅಂದರೆ, "ಇರಬಹುದು ಸ್ವಾಮಿ" ಎಂದು ಬಿಟ್ಟುಕೊಡುತ್ತಿದ್ದರು. ಬೂದಿ ನೀರಿಗೆ ಹೋಗದು, ಪೊರಕೆಗೆ ಏಳದು. ಹೊಸ ಯಂತ್ರಗಳ ತೆಳು ಹೊಟ್ಟೆಯಲ್ಲಿ ನಿಲ್ಲದು. ಹಳೇ ಧೂಳುಬಾಕವೇ ಆಗಬೇಕು. ಮೂರು ಒಟ್ಟಿಗೆ ತಿಂದರಷ್ಟೇ ಊರು ಚೊಕ್ಕಟವಾದೀತು.

ಡಂಗುರ ಕೇಳಿ ಗುಜರಿ ವ್ಯಾಪಾರದ ಚಂಪವ್ವ ಅರಮನೆಗೆ ಹೋದಳು. ಹಳೇ ಸಾಮಾನಿನ ಬುಟ್ಟಿ ಸದಾ ತಲೆಮೇಲಿದ್ದುದರಿಂದ ಬೂದಿ ಅವಳ ಮೇಲೆ ಬಿದ್ದಿರಲಿಲ್ಲ. ರಾಜನನ್ನು ಕಿರೀಟ ಕಾಪಾಡಿತ್ತು, ಅದೂ ಅರ್ಧಂಬರ್ಧ.

"ಅರ್ಧ ರಾಜ್ಯ ನಂಗೆ ಬೇಡ ದೊರೆ," ಅಂದಳು. "ಅದರ ಜೊತೆ ಅರ್ಧ ಜಗಳಾನೂ ಬರ್ತದೆ. ಕೆಲಸ ಮುಗಿದ ಮೇಲೆ ಮೂರೂ ಧೂಳುಬಾಕ ನನ್ನವು. ಮತ್ತೆ, ಮೊದಲು ಗುಡಿಸೋದು ನಮ್ಮನೆ ಪಡಸಾಲೆ."

"ಅರಮನೆ ಆದ ಮೇಲೆ ಆಗದೇ?"

"ಆಗದು."

ಆಗದಿರುವುದಕ್ಕೆ ಕಾರಣವಿತ್ತು. ಅವಳ ಗಂಡ ಅಡಿವೆಪ್ಪ ಕಟ್ಟೆಯ ಮೇಲೆ ಕೂತಿದ್ದಾಗ ಬೂದಿ ಬಿದ್ದಿತ್ತು. ಅಂದಿನಿಂದ ಅವನು ಹೆಂಡತಿ ಬಂದರೆ ಎದ್ದು ನಿಂತು, "ಬನ್ನಿ ತಾಯಿ, ತಾವು ಯಾರ ಪೈಕಿ?" ಎಂದು ಕೇಳಿ, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದ. ಅಷ್ಟು ಮರ್ಯಾದೆ ಚಂಪವ್ವನಿಂದ ಸಹಿಸಲಾಗುತ್ತಿರಲಿಲ್ಲ.

ರಾಜ ಒಪ್ಪಿದ. ಚಂಪವ್ವ ಬುಟ್ಟಿ ಹೊತ್ತು ಹೊರಟಳು.

ಮೊದಲು ಸಿಕ್ಕಿದ್ದು ಕನ್ನಡಿಪೇಟೆ. ಅಲ್ಲಿ ಗಿಲೀಟಿನ ಜಂಬಣ್ಣನ ಅಂಗಡಿಯಲ್ಲಿ ಧೂಳುಬಾಕಗಳ ರಾಶಿಯೇ ಇತ್ತು. ಎಲ್ಲವೂ ಹಸಿರು ನೀಲಿ ಬಣ್ಣದಲ್ಲಿ ಥಳಥಳ.

"ಎಲ್ಲಾ ನಮ್ಮಜ್ಜನ ಕಾಲದ್ದು ಅಕ್ಕಾ, ಕಣ್ಮುಚ್ಚಿಕೊಂಡು ತಗೊಳ್ಳಿ," ಅಂದ ಜಂಬಣ್ಣ.

ಕಣ್ಣು ಮುಚ್ಚಿ ತಗೊಳ್ಳಿ ಅಂದಲ್ಲಿ ಕಣ್ಣು ತೆರೆಯುವುದು ಚಂಪವ್ವನ ಅಭ್ಯಾಸ. ಅವಳು ಬಣ್ಣ ನೋಡಲಿಲ್ಲ, ತಿರುಪುಮೊಳೆಯ ತಲೆ ನೋಡಿದಳು. ಮೊಳೆಯ ಗೀರಿನಲ್ಲೂ ಬಣ್ಣ ತುಂಬಿತ್ತು. ಕೂಡಿಸಿದ ಮೇಲೆ ಬಳಿದ ಬಣ್ಣ, ಮೊನ್ನೆಮೊನ್ನೆಯದು. ರಾಶಿಯ ತಳದಲ್ಲಿ ಮಾತ್ರ ತಗ್ಗುಬಿದ್ದ, ಮಂಕಾದ ಒಂದು ಮೈ ಕಂಡಿತು. ಅದರ ಮೊಳೆಗಳ ಗೀರುಗಳು ಬೋಳಾಗಿದ್ದವು.

ಅವಳು ಪಕ್ಕದಲ್ಲಿದ್ದ ಒಂದು ಕುಂಚ ಎತ್ತಿಕೊಂಡಳು. ಚೌಕಾಸಿ ಮಾಡಿದಳು, ಎದ್ದು ಹೊರಟಳು, ಕರೆಸಿಕೊಂಡು ಬಂದಳು, ಕೊನೆಗೆ ದುಡ್ಡು ಕೊಟ್ಟಳು. "ಕೊಸರು?" ಅಂದಳು. ಹೊನ್ನಂಗಳದಲ್ಲಿ ಕೊಂಡದ್ದರ ಮೇಲೆ ಪುಕ್ಕಟೆಯಾಗಿ ಒಂದಿಷ್ಟು ಕೊಸರು ಕೊಡದೆ ಯಾವ ವ್ಯಾಪಾರವೂ ಮುಗಿಯುತ್ತಿರಲಿಲ್ಲ.

"ಕುಂಚಕ್ಕೂ ಕೊಸರಾ? ಏನು ಬೇಕೋ ಹೇಳಿ."

"ಆ ತಳದಲ್ಲಿರೋ ಡಬ್ಬಿ ಕೊಡು, ಕುಂಚ ಇಟ್ಕೊಳ್ಳೋಕೆ."

"ಅದಾ? ಅದು ಮೇಲಿನವಕ್ಕೆ ಆಸರೆಗೆ ಇಟ್ಟದ್ದು," ಎಂದು ಜಂಬಣ್ಣ ನಕ್ಕ. ಅದನ್ನು ಎಳೆದು ಕೊಟ್ಟು, ಜಾಗಕ್ಕೆ ಕಲ್ಲೊಂದನ್ನು ತುರುಕಿದ. ಅವನಿಗೆ ಆವತ್ತು ರಾತ್ರಿ ಸುಖನಿದ್ದೆ ಬಂತು. ಪಾಪ, ಬರಲಿ.

ಎರಡನೆಯದು ಕಾಡಿನಲ್ಲಿತ್ತು. ಯಜಮಾನರು ಸತ್ತ ಮೇಲೆ ಮನೆ ಬಿಟ್ಟು ಹೋಗಿ ಕಾಡುಬಿದ್ದ ಧೂಳುಬಾಕ ಅದು. ಸಿಡಿಲು ಬಡಿದ ಮರಕ್ಕೆ ಬಾಲ ಸುತ್ತಿಕೊಂಡು ಗೊರಗೊರ ಅನ್ನುತ್ತಿತ್ತು. ಹತ್ತಿರ ಹೋದ ಬೇಟೆಗಾರರ ಪಂಚೆ ಎಳೆದು ಓಡಿಸಿತ್ತು.

ಚಂಪವ್ವ ಸೆರಗು ಸೊಂಟಕ್ಕೆ ಬಿಗಿದು ಮರದ ಕೆಳಗೆ ಕೂತು ಕೇಳಿಸಿಕೊಂಡಳು. ತುಂಬಿದ ಹೊಟ್ಟೆಯ ದನಿ ದಪ್ಪ. ಸಿಟ್ಟಿನ ದನಿ ಸಣ್ಣ. ಇದು ಎರಡೂ ಅಲ್ಲ.

"ಗಂಟಲಿಗೆ ಏನ್ ಸಿಕ್ಕಿಸ್ಕೊಂಡಿದ್ದೀಯೋ ಮಗನೇ? ಬಾ ಇಲ್ಲಿ," ಅಂದಳು.

ಎಷ್ಟೋ ವರ್ಷದಿಂದ ಅದನ್ನು ಯಾರೂ ಬಾ ಅಂದಿರಲಿಲ್ಲ. ಸೊಂಡಿಲು ತಂದು ಅವಳ ಮಡಿಲಲ್ಲಿಟ್ಟಿತು. ಅವಳು ಮೊಣಕೈವರೆಗೆ ಕೈ ಹಾಕಿ ಎಳೆದಳು. ಮೊದಲು ಹಕ್ಕಿಗೂಡೊಂದು ಬಂತು, ಆಮೇಲೆ ಬೇಟೆಗಾರರ ಪಂಚೆ, ಅದರ ಹಿಂದೆಯೇ ರಾಜನ ಅಜ್ಜ ಕಳೆದುಕೊಂಡಿದ್ದ ಜರಿರುಮಾಲು ಮಾರುಗಟ್ಟಲೆ ಬಂತು. ಧೂಳುಬಾಕ ನಿಟ್ಟುಸಿರು ಬಿಟ್ಟಿತು. ಚಿಕಿತ್ಸೆಯ ಕೊಸರೆಂದು ಒಂದು ಬೆಳ್ಳಿಗುಂಡಿಯನ್ನೂ ಉಗುಳಿತು. ಆಮೇಲೆ ಕರುವಿನಂತೆ ಅವಳ ಹಿಂದೆ ಜಾರಿಕೊಂಡು ಬಂತು. ಏರು ಬಂದಲ್ಲಿ ಚಂಪವ್ವನೇ ಹಿಂದಿನಿಂದ ತಳ್ಳಿದಳು.

ಮೂರನೆಯದು ಮಾರಯ್ಯನ ಕೋಟೆಯಲ್ಲಿತ್ತು. ಧೂಳುಬಾಕ ಕೇಳಿಕೊಂಡು ಚಂಪವ್ವ ಒಳಗೆ ಹೋದಾಗ ಮಾರಯ್ಯ ಬೂದಿಯ ಹಂಡೆಯ ಪಕ್ಕ ಕೂತಿದ್ದ. ಎದುರಿಗೆ ಎರಡು ಧೂಳುಬಾಕ. ಒಂದಕ್ಕೆ ಚಿನ್ನದ ಹೊಳಪು, ಇನ್ನೊಂದು ಕಪ್ಪು, ತುಕ್ಕು ಹಿಡಿದದ್ದು.

"ಎರಡೂ ಕೊಳ್ಳೆಯ ಮಾಲು," ಅಂದ ಮಾರಯ್ಯ. "ಒಂದೇ ಅಸಲಿ. ಯಾವುದು ಅಂತ ಹೇಳಿದರೆ ಅದು ನಿನ್ನದು."

ಹಾಗಂದವನ ಕಣ್ಣು ಧೂಳುಬಾಕದ ಮೇಲಿರಲಿಲ್ಲ, ಚಂಪವ್ವನ ಮುಖದ ಮೇಲಿತ್ತು. ಇವನಿಗೆ ತಿಳಿಯದು, ನನ್ನಿಂದ ತಿಳಿದು ಅಸಲಿಯನ್ನು ತಾನೇ ಇಟ್ಟುಕೊಳ್ಳುತ್ತಾನೆ ಅಂದುಕೊಂಡಳು. ಬಾಗಿ ಹೊಟ್ಟೆಯಡಿಯ ಪಟ್ಟಿಗಳನ್ನು ಕಂಡಳು. ಚಿನ್ನದ್ದಕ್ಕೆ ಒಂದು ಗೀರಿಲ್ಲ. ಕಪ್ಪಿನದ್ದರ ಪಟ್ಟಿ ಜಾರಿ ಜಾರಿ ಚಾಕುವಿನಷ್ಟು ತೆಳ್ಳಗಾಗಿತ್ತು, ಎಷ್ಟು ಮನೆ ಗುಡಿಸಿತ್ತೋ ಏನೋ. ಅವಳಿಗೆ ಅದನ್ನು ಎತ್ತಿ ಒರಸಬೇಕೆನಿಸಿತು. ವ್ಯಾಪಾರಸ್ಥೆ, ಒರಸಲಿಲ್ಲ. ಚಿನ್ನದ್ದರ ಸುತ್ತ ಸುಳಿದಳು, ಮುಟ್ಟಿದಳು, ಕೈ ಹಿಂದೆಗೆದಳು, ಮತ್ತೆ ಮುಟ್ಟಿದಳು.

"ಇದೇ ಸ್ವಾಮಿ," ಅಂದಳು ಮೆಲ್ಲಗೆ. "ದಮ್ಮಯ್ಯ, ಕೊಟ್ಟ ಮಾತಿನಂತೆ ಕೊಟ್ಟುಬಿಡಿ."

"ಮಾಂತ್ರಿಕನ ಮಾತು ನಂಬಿ ಬಂದೆಯಾ ಮುದುಕಿ? ಆ ತುಕ್ಕು ನೀನಿಟ್ಟುಕೋ," ಎಂದು ಮಾರಯ್ಯ ನಕ್ಕ. "ಇದರಿಂದ ಮೊದಲು ನಿನ್ನನ್ನೇ ಹೀರಿಬಿಡುತ್ತೇನೆ."

ಚಿನ್ನದ್ದರ ಬಾಲವನ್ನು ಗೋಡೆಗಿಟ್ಟು ಸೊಂಡಿಲೆತ್ತಿದ. ಚಂಪವ್ವ ಹೊಟ್ಟೆತುಂಬ ಮುದ್ದೆ ಉಂಡು ಬಂದವಳು, ಕದಲಲಿಲ್ಲ. ಹಂಡೆಯ ಬೂದಿ ಹಗುರ, ಅದು ಎದ್ದಿತು. ಸೊಂಡಿಲಿನೊಳಗೆ ಸುರ್ರನೆ ನುಗ್ಗಿತು. ನಕಲಿಗೆ ಚೀಲವೆಲ್ಲಿಂದ ಬರಬೇಕು? ಮುಂದೆ ಹೋದದ್ದೆಲ್ಲ ಹಾಗೇ ಹಿಂದೆ ಬಂತು. ಹಿಂದೆ ನಿಂತಿದ್ದವನು ಮಾರಯ್ಯ.

ಬೂದಿ ಇಳಿದಾಗ ಅವನು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಮಂತ್ರ ಮರೆತಿತ್ತು, ಕೋಟೆ ಮರೆತಿತ್ತು, ಹೆಸರೂ ಮರೆತಿತ್ತು. "ಅಮ್ಮಾ, ನಾನು ಏನು ಕೆಲಸ ಮಾಡ್ತಿದ್ದೆ?" ಎಂದು ಕೇಳಿದ.

"ಬೀದಿ ಗುಡಿಸ್ತಿದ್ದೆ," ಅಂದಳು ಚಂಪವ್ವ. "ಒಳ್ಳೇ ಕೆಲಸಗಾರ ನೀನು."

ಅವನಿಗೆ ಹಿಗ್ಗಾಯಿತು. ಪೊರಕೆ ಹುಡುಕಿಕೊಂಡು ಹೋದ. ಅವನ ಮೇಲಿನ ಬೂದಿಯನ್ನು ಮಾತ್ರ ಯಾರೂ ಎಂದೂ ತೆಗೆಯಲಿಲ್ಲ.

ಚಂಪವ್ವ ಮೂರನ್ನೂ ಕರೆದುಕೊಂಡು ನೇರ ತನ್ನ ಮನೆಗೆ ಬಂದಳು. ಅಡಿವೆಪ್ಪ ಎದ್ದು ನಿಂತು, "ಬನ್ನಿ ತಾಯಿ," ಅಂದ. ಅವಳು ಮೂರು ಬಾಲಗಳನ್ನು ಗೋಡೆಗಿಟ್ಟಳು. ಮೂರು ಸೊಂಡಿಲು ಪಡಸಾಲೆ, ಕಟ್ಟೆ, ಅವನ ತಲೆ ಭುಜ ಎಲ್ಲ ಸವರಿದವು. ಬೂದಿ ಹೋದ ಹಾಗೆ ಅವನ ಹುಬ್ಬು ಗಂಟಿಕ್ಕುತ್ತ ಬಂತು.

"ಏನೇ ಇದು? ಮೂರು ತಂದಿದ್ದೀಯಾ? ಕಾಲಿಡೋಕೆ ಜಾಗ ಇಲ್ಲ ಮನೇಲಿ, ಇವನ್ನ ಎಲ್ಲಿ ಮಲಗಿಸ್ತೀಯ, ನನ್ನ ತಲೆಮೇಲಾ?"

ಚಂಪವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಇನ್ನೂ ಸ್ವಲ್ಪ ಬಯ್ರಿ," ಅಂದಳು.

ಅವನು ಸಂಜೆವರೆಗೆ ಬೈದ. ಬೈಯುತ್ತಲೇ ಕಪ್ಪಿನದ್ದರ ತುಕ್ಕಿಗೆ ಎಣ್ಣೆ ಹಚ್ಚಿದ. ಆಮೇಲೆ ಗಂಡಹೆಂಡಿರು ಸೇರಿ ಅರಮನೆ, ಪೇಟೆ, ಕೇರಿಗಳನ್ನೆಲ್ಲ ಗುಡಿಸಿದರು. ತಾಯಂದಿರು ಮಕ್ಕಳನ್ನು ಗುರುತು ಹಿಡಿದರು. ಹೊಲದವರು ಹೊಲಕ್ಕೆ ಹೋದರು. ಸಾಲ ಕೊಟ್ಟವರಿಗೂ ನೆನಪು ಬಂದದ್ದೊಂದೇ ಕೆಲವರಿಗೆ ಬೇಸರ. ಉಳಿದಂತೆ ಹೊನ್ನಂಗಳ ಸುಖವಾಗಿತ್ತು.

ಚಂಪವ್ವನ ಲೆಕ್ಕ ಇಷ್ಟು. ಖರ್ಚು: ಕುಂಚದ ದುಡ್ಡು, ಸವೆದ ಒಂದು ಜೊತೆ ಚಪ್ಪಲಿ. ರುಮಾಲು ರಾಜನಿಗೆ ವಾಪಸು ಕೊಟ್ಟದ್ದರಿಂದ ಅದನ್ನು ಲಾಭಕ್ಕೆ ಹಿಡಿಯುವಂತಿಲ್ಲ. ಲಾಭ: ಧೂಳುಬಾಕ ಮೂರು, ಬೆಳ್ಳಿಗುಂಡಿ ಒಂದು, ಗಂಡ ಒಬ್ಬ.